ಲೂಪಸ್ ರೋಗದಲ್ಲಿ ಅಂಡಾಶಯ ರಕ್ಷಣೆ

ಲೂಪಸ್ ರೋಗಕ್ಕಾಗಿ ಸೈಕ್ಲೋಫಾಸ್ಫಮೈಡ್ ಪಡೆಯುವ ಮಹಿಳೆಯರಲ್ಲಿ ಸಂತಾನಶಕ್ತಿಯನ್ನು ಉಳಿಸಲು ಹಾರ್ಮೋನು ಚುಚ್ಚುಮದ್ದು ನೀಡುವ ಕ್ರಮವೇ ಅಂಡಾಶಯ ರಕ್ಷಣೆ. ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ಎರಗುವ ಕಾಯಿಲೆ ಲೂಪಸ್. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮಹಿಳೆಯರು; ಹೆಚ್ಚಿನವರಲ್ಲಿ ಇದು ಹೆರಿಗೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ.

ಹಿನ್ನೆಲೆ

ಲೂಪಸ್ ಮೂತ್ರಪಿಂಡ ಅಥವಾ ಮಿದುಳನ್ನು ತೀವ್ರವಾಗಿ ಬಾಧಿಸಿದಾಗ ಸೈಕ್ಲೋಫಾಸ್ಫಮೈಡ್ ಬಳಸಲಾಗುತ್ತದೆ. ಜೀವ ಉಳಿಸಬಲ್ಲ ಈ ಔಷಧವು ಅಂಡಾಶಯದಲ್ಲಿನ ಅಂಡಕೋಶಗಳಿಗೆ ಹಾನಿ ಮಾಡುತ್ತದೆ. ರೋಗಿಯ ವಯಸ್ಸು ಮತ್ತು ಔಷಧದ ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಮುಟ್ಟು ಅಕಾಲದಲ್ಲಿ ನಿಲ್ಲುವ ಅಪಾಯ ಹೆಚ್ಚುತ್ತದೆ. ಎರಡು ವಾರಕ್ಕೊಮ್ಮೆ 500 ಮಿ.ಗ್ರಾಂ.ನಂತೆ ಆರು ಬಾರಿ, ಒಟ್ಟು 3 ಗ್ರಾಂ ನೀಡುವ ಯೂರೋ-ಲೂಪಸ್ ಕ್ರಮದಲ್ಲಿ ಅಪಾಯ ಕಡಿಮೆ.

ಚಿಕಿತ್ಸಾ ಕ್ರಮ

ಲ್ಯೂಪ್ರೊಲೈಡ್ ಎಂಬ ಔಷಧವನ್ನು ತಿಂಗಳಿಗೊಮ್ಮೆ 3.75 ಮಿ.ಗ್ರಾಂ. ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಲಾಗುತ್ತದೆ. ಇದು ಪಿಟ್ಯುಟರಿ ಗ್ರಂಥಿಯ ಪ್ರಚೋದನೆಯನ್ನು ತಗ್ಗಿಸಿ ಅಂಡಾಶಯವನ್ನು ತಾತ್ಕಾಲಿಕ ವಿಶ್ರಾಂತಿಗೆ ಒಯ್ಯುತ್ತದೆ. ಮೊದಲ ದಿನಗಳಲ್ಲಿ ಹಾರ್ಮೋನು ಏರಿ ಅನಂತರ ಇಳಿಯುವುದರಿಂದ, ಸೈಕ್ಲೋಫಾಸ್ಫಮೈಡ್‌ಗೆ 10ರಿಂದ 14 ದಿನ ಮುಂಚೆ ಚುಚ್ಚುಮದ್ದು ಕೊಡುವುದು ವಾಡಿಕೆ. ರೋಗ ಉಲ್ಬಣಿಸಿದ್ದರೆ ಇದಕ್ಕಾಗಿ ಮೊದಲ ಸೈಕ್ಲೋಫಾಸ್ಫಮೈಡ್ ಅನ್ನು ಮುಂದೂಡುವುದಿಲ್ಲ, ಎರಡನೆಯದಕ್ಕೆ ಹೊಂದಿಸಿಕೊಳ್ಳಲಾಗುತ್ತದೆ.

2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಲ್ಯೂಪ್ರೊಲೈಡ್ ಪಡೆದ 20 ಮಹಿಳೆಯರ ಪೈಕಿ ಒಬ್ಬರಲ್ಲಿ, ಪಡೆಯದ 20 ಮಂದಿಯ ಪೈಕಿ ಆರು ಮಂದಿಯಲ್ಲಿ ಅಂಡಾಶಯ ವಿಫಲವಾಯಿತು. ಅಧ್ಯಯನ ಚಿಕ್ಕದು. ತಿಂಗಳಿಗೊಮ್ಮೆ ಸೈಕ್ಲೋಫಾಸ್ಫಮೈಡ್ ಪಡೆಯುವವರಿಗೆ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2020ರ ಮಾರ್ಗಸೂಚಿಯು ಈ ಕ್ರಮವನ್ನು ಷರತ್ತುಬದ್ಧವಾಗಿ ಶಿಫಾರಸು ಮಾಡಿದೆ.

ಮಿತಿಗಳು

ಮೈ ಬಿಸಿಯೇರುವುದು, ಮೂಳೆ ಸವೆಯುವುದು ಇದರ ಅಡ್ಡಪರಿಣಾಮಗಳು. ಸ್ಟೀರಾಯ್ಡ್ ಸೇವಿಸುವವರಲ್ಲಿ ಮೂಳೆಯ ಹಾನಿ ಇನ್ನಷ್ಟು ಹೆಚ್ಚಬಹುದು. ಮುಟ್ಟು ನಿಂತ ಮಾತ್ರಕ್ಕೆ ಗರ್ಭ ನಿಲ್ಲದು ಎಂದು ಭಾವಿಸುವಂತಿಲ್ಲ. ಸೈಕ್ಲೋಫಾಸ್ಫಮೈಡ್ ಭ್ರೂಣಕ್ಕೆ ಹಾನಿಕರವಾದುದರಿಂದ ಪ್ರತ್ಯೇಕ ಗರ್ಭನಿರೋಧಕ ಅಗತ್ಯ. ರೋಗವು ಕನಿಷ್ಠ ಆರು ತಿಂಗಳು ಶಾಂತವಾಗಿದ್ದ ಬಳಿಕ ಗರ್ಭಧಾರಣೆ ಸೂಕ್ತ.

ರಾಯಚೂರು ಜಿಲ್ಲೆಯ ಸಂದರ್ಭ

ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಾದ ರಿಮ್ಸ್ ರಾಯಚೂರು ನಗರದಲ್ಲಿದೆ. ದೇವದುರ್ಗ ಮತ್ತು ಮಾನ್ವಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಎರಡು ಔಷಧಗಳ ದಿನಗಳು ಬೇರೆಯಾದುದರಿಂದ ತಾಲ್ಲೂಕಿನ ರೋಗಿಗೆ ತಿಂಗಳಿಗೆ ಎರಡು ಪ್ರಯಾಣ ಬೀಳುತ್ತದೆ. ತಜ್ಞರ ಲಿಖಿತ ಸೂಚನೆಯಿದ್ದರೆ ಲ್ಯೂಪ್ರೊಲೈಡ್ ಅನ್ನು ಊರಿನ ಸಮೀಪದಲ್ಲೇ ಹಾಕಿಸಬಹುದು. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ಪೊಟ್ಟಣದ ಮೇಲೆ ಸೂಚಿಸಿದ ತಂಪಿನಲ್ಲೇ ಔಷಧವನ್ನು ಒಯ್ಯಬೇಕು. ನಷ್ಟವಾದ ಅಂಡಗಳು ಮರಳಿ ಹುಟ್ಟುವುದಿಲ್ಲವಾದ್ದರಿಂದ, ಸಂತಾನದ ವಿಚಾರವನ್ನು ಸೈಕ್ಲೋಫಾಸ್ಫಮೈಡ್ ಆರಂಭಿಸುವ ಮುನ್ನವೇ ವೈದ್ಯರೊಂದಿಗೆ ಚರ್ಚಿಸುವುದು ಮುಖ್ಯ.