ಪಂದ್ಯದ ಮೋಟಾರ್ ಸೈಕಲ್ಲಿನಲ್ಲಿ ಟ್ಯಾಕೋಮೀಟರ್: ಒಂದು ಉಪಕರಣದ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಎಂಜಿನ್ನಿನ ವಿಷಯವಾಗಿ ಅಧ್ಯಾಯಗಳನ್ನೇ ಮೀಸಲಿಟ್ಟು, ಅದರ ಜೊತೆಗಿರುವ ಮಾಪಕಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದುಂಟು. ಆದರೆ ಎಂಜಿನ್ನು ಏನು ಮಾಡಬಲ್ಲುದು ಎಂಬುದಕ್ಕೂ, ಅದನ್ನು ನಡೆಸುವವನು ಅದರಿಂದ ಏನು ಮಾಡಿಸಿಕೊಂಡನು ಎಂಬುದಕ್ಕೂ ನಡುವೆ ನಿಂತಿರುವುದು ಮಾಪಕವೇ. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ತಯಾರಾದ ಒಂಟಿ ಸಿಲಿಂಡರಿನ ಪಂದ್ಯದ ಮೋಟಾರ್ ಸೈಕಲ್ಲುಗಳನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಟ್ಯಾಕೋಮೀಟರನ್ನು ಆರಿಸುವ ಮತ್ತು ಜೋಡಿಸುವ ಪದ್ಧತಿ ಹೇಗೆ ಬೆಳೆಯಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಉಪಕರಣವೇನೋ ಹಳೆಯದು. ಜರ್ಮನಿಯ ಡೀಟ್ರಿಚ್ ಊಲ್‌ಹಾರ್ನ್ ಎಂಬ ಯಂತ್ರಶಿಲ್ಪಿ 1817ರಲ್ಲಿ ಇದನ್ನು ರಚಿಸಿದನು. ವೇಗವೆಂಬ ಅರ್ಥದ ಗ್ರೀಕ್ ಶಬ್ದದಿಂದ ಇದಕ್ಕೆ ಹೆಸರು ಬಂದಿದೆ. ಆದರೂ ಇದು ಅಳೆಯುವುದು ವಾಹನದ ವೇಗವನ್ನಲ್ಲ, ದಂಡವೊಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದನ್ನು. ಪಂದ್ಯದ ಸವಾರನಿಗೆ ಬೇಕಾದುದೂ ಅದೇ. ಗಂಟೆಗೆ ಎಷ್ಟು ಮೈಲಿ ಓಡುತ್ತಿದ್ದೇನೆಂಬುದನ್ನು ಗಡಿಯಾರ ಹಿಡಿದು ನಿಂತವರು ಲೆಕ್ಕ ಹಾಕಿಕೊಳ್ಳುತ್ತಾರೆ. ಗೇರನ್ನು ಯಾವ ಕ್ಷಣದಲ್ಲಿ ಬದಲಿಸಬೇಕೆಂಬುದು ಮಾತ್ರ ಅವನೊಬ್ಬನ ಚಿಂತೆ. ಆದ್ದರಿಂದಲೇ ಪಂದ್ಯದ ವಾಹನಗಳಲ್ಲಿ ಸ್ಪೀಡೋಮೀಟರನ್ನು ತೆಗೆದುಹಾಕಿ ಟ್ಯಾಕೋಮೀಟರನ್ನು ಉಳಿಸಿಕೊಂಡರು.

ನುರಿತ ಸವಾರನಿಗೆ ಕಿವಿಯೇ ಸಾಲದೆ ಎಂಬ ಪ್ರಶ್ನೆ ಏಳಬಹುದು. ಬರ್ಮಿಂಗ್‌ಹ್ಯಾಮಿನ ನಾರ್ಟನ್ ಕಾರ್ಖಾನೆಯ 500 ಸಿ.ಸಿ. 'ಮ್ಯಾಂಕ್ಸ್' ಎಂಜಿನ್ನು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಮೊದಲು ಅದರ ಪಿಸ್ಟನ್ನಿನ ಓಟ ಸುಮಾರು 100 ಮಿಲಿಮೀಟರ್ ಇದ್ದಿತು. 1954ರಲ್ಲಿ ಅದನ್ನು 85.6 ಮಿಲಿಮೀಟರಿಗೆ ಇಳಿಸಿ, ಸಿಲಿಂಡರಿನ ವ್ಯಾಸವನ್ನು 86 ಮಿಲಿಮೀಟರಿಗೆ ಹಿಗ್ಗಿಸಿದರು. ಹಳೆಯ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್ ಆಗುತ್ತದೆ. ಹೊಸತರಲ್ಲಿ ಅದೇ ವೇಗ ಬರಬೇಕಾದರೆ 7000 ಸುತ್ತು ಬೇಕು. ಎಂದರೆ ಪಿಸ್ಟನ್ನಿನ ಮೇಲೆ ಅಷ್ಟೇ ಶ್ರಮ ಬಿದ್ದಿರುವಾಗಲೂ ಎಂಜಿನ್ನಿನ ದನಿ ಬೇರೆಯಾಗಿರುತ್ತದೆ. ಹಳೆಯದಕ್ಕೆ ಪಳಗಿದ ಕಿವಿ ಹೊಸದನ್ನು ಕೇಳಿ ಅಕಾಲದಲ್ಲಿ ಗೇರು ಬದಲಿಸುವ ಸಂಭವವುಂಟು. ಹೊಸದಕ್ಕೆ ಪಳಗಿದ ಕಿವಿಯಾದರೆ ಹಳೆಯ ಎಂಜಿನ್ನನ್ನು ಒಡೆದೇಬಿಡಬಹುದು. ಮಿತಿಮೀರಿ ಸುತ್ತಿದಾಗ ವಾಲ್ವಿನ ಸ್ಪ್ರಿಂಗು ವಾಲ್ವನ್ನು ಸಕಾಲದಲ್ಲಿ ಹಿಂದಕ್ಕೆಳೆಯಲಾರದು. ಮೇಲೇರಿ ಬರುವ ಪಿಸ್ಟನ್ನು ಅದನ್ನು ತಾಗಿದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ.

ಈ ಹಾನಿ ಯಾರದೆಂಬುದು ಇಲ್ಲಿ ವಿಚಾರಣೀಯ. ಕಾರ್ಖಾನೆಯ ತಂಡದಲ್ಲಿದ್ದವನಿಗೆ ಮತ್ತೊಂದು ಎಂಜಿನ್ನು ಸಿದ್ಧವಾಗಿರುತ್ತಿತ್ತು. ಆದರೆ 1950 ಮತ್ತು 60ರ ದಶಕಗಳಲ್ಲಿ ಯೂರೋಪಿನ ಪಂದ್ಯಗಳನ್ನು ತುಂಬಿಸಿದವರಲ್ಲಿ ಬಹುಮಂದಿ ಸ್ವಂತ ಹಣದಿಂದ ಒಂದು ಮ್ಯಾಂಕ್ಸನ್ನೋ, 1948ರಲ್ಲಿ ಹೊರಬಂದ ಎ.ಜೆ.ಎಸ್. 7ಆರ್ ಅನ್ನೋ ಕೊಂಡು, ವ್ಯಾನಿನಲ್ಲಿ ಹೇರಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ಬಡ ಸವಾರರು. ಪಂದ್ಯಕ್ಕೆ ನಿಂತದ್ದಕ್ಕಾಗಿ ವ್ಯವಸ್ಥಾಪಕರು ಕೊಡುತ್ತಿದ್ದ ಹಣವೇ ಇವರ ಜೀವನೋಪಾಯ. ಎಂಜಿನ್ನು ಮುರಿದರೆ ಮುಂದಿನ ವಾರದ ಸಂಪಾದನೆಯೂ ಹೋಯಿತು. ಟ್ಯಾಕೋಮೀಟರ್ ಇವರಿಗೆ ಗೆಲುವಿನ ಸಾಧನವಾಗಿದ್ದುದಕ್ಕಿಂತ ಹೆಚ್ಚಾಗಿ ಮಿತವ್ಯಯದ ಸಾಧನವಾಗಿತ್ತೆಂದು ನಾವು ಭಾವಿಸುತ್ತೇವೆ.

ಇವರ ವಾಹನಗಳಲ್ಲಿ ಕಾಣುತ್ತಿದ್ದುದು ಬಹುಮಟ್ಟಿಗೆ ಸ್ಮಿತ್ಸ್ ಸಂಸ್ಥೆಯ 'ಕ್ರೋನೋಮೆಟ್ರಿಕ್' ಮಾದರಿ. ಇದರ ಒಳಗೆ ನಿಜವಾಗಿ ಒಂದು ಗಡಿಯಾರದ ಯಂತ್ರವೇ ಇದೆ. ಅದು ನಿಯತವಾದ ಸ್ವಲ್ಪ ಕಾಲದವರೆಗೆ ಸುತ್ತುಗಳನ್ನು ಎಣಿಸಿ, ಆ ಎಣಿಕೆಗೆ ತಕ್ಕಂತೆ ಮುಳ್ಳನ್ನು ನಿಲ್ಲಿಸಿ, ಮತ್ತೆ ಎಣಿಸತೊಡಗುತ್ತದೆ. ಆದ್ದರಿಂದ ಮುಳ್ಳು ಹರಿಯುವುದಿಲ್ಲ, ಹೆಜ್ಜೆ ಹಾಕುತ್ತದೆ. ಒಂಟಿ ಸಿಲಿಂಡರಿನ ಭಯಂಕರ ಅದುರಾಟದಲ್ಲಿಯೂ ಅದು ಸ್ಥಿರವಾಗಿ ನಿಲ್ಲುವುದು ಇದರ ಗುಣ. ಕೆಳಗಿನ ಗೇರುಗಳಲ್ಲಿ ಎಂಜಿನ್ನು ಸರ್ರನೆ ಏರುವಾಗ ಮುಳ್ಳು ಒಂದು ಹೆಜ್ಜೆ ಹಿಂದೆ ಉಳಿಯುವುದು ಇದರ ದೋಷ. ಆಮೇಲೆ ಬಂದ ಅಯಸ್ಕಾಂತದ ಮಾದರಿಯಲ್ಲಿ, ತಿರುಗುವ ಅಯಸ್ಕಾಂತವು ಲೋಹದ ಬಟ್ಟಲೊಂದನ್ನು ತನ್ನೊಡನೆ ಸೆಳೆಯಲು ಯತ್ನಿಸುತ್ತದೆ. ಸಣ್ಣ ಸ್ಪ್ರಿಂಗೊಂದು ಆ ಬಟ್ಟಲನ್ನು ತಡೆಹಿಡಿಯುತ್ತದೆ. ಇದರ ಬೆಲೆ ಕಡಿಮೆ, ಮುಳ್ಳು ಎಡೆಬಿಡದೆ ಚಲಿಸುತ್ತದೆ. ಆದರೆ ಅದುರಿಕೆಗೆ ಮುಳ್ಳೂ ನಡುಗುತ್ತದೆ.

ಜೋಡಣೆಯ ವಿಷಯದಲ್ಲಿ ಮೊದಲು ನೋಡತಕ್ಕದ್ದು ಅನುಪಾತ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ಯಾಮ್‌ಷಾಫ್ಟ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಅದರ ತುದಿಗೆ ಕೇಬಲನ್ನು ನೇರವಾಗಿ ಸಿಕ್ಕಿಸಿದರೆ ಎಂಜಿನ್ನು 7000 ಸುತ್ತುವಾಗ ಕೇಬಲ್ ಸುತ್ತುವುದು 3500. ಇದಕ್ಕೆ 2:1 ಎಂದು ಗುರುತಾದ ಮಾಪಕ ಬೇಕು. 3:1ರದ್ದನ್ನು ಜೋಡಿಸಿದರೆ ಮುಳ್ಳು 10,500 ತೋರಿಸುತ್ತದೆ. ಅದು ನಗೆಯ ವಿಷಯ, ಯಾರೂ ಮೋಸಹೋಗರು. ಇದರ ವಿಪರ್ಯಾಸವೇ ಅಪಾಯಕರ: 3:1ರ ಚಾಲನೆಗೆ 2:1ರ ಮಾಪಕವನ್ನು ಇಟ್ಟರೆ ಎಂಜಿನ್ನು 7000 ಮುಟ್ಟಿದಾಗ ಮುಳ್ಳು 4700ರ ಸುಮಾರಿನಲ್ಲಿರುತ್ತದೆ, ಸವಾರನು ಇನ್ನೂ ಅವಕಾಶವಿದೆಯೆಂದು ನಂಬುತ್ತಾನೆ. ಹಳೆಯ ಮಾಪಕಗಳನ್ನು ಸಂತೆಯಲ್ಲಿ ಕೊಳ್ಳುವವರು ಮುಖದ ಅಂದವನ್ನು ನೋಡುವ ಮೊದಲು ಈ ಸಣ್ಣ ಅಕ್ಷರಗಳನ್ನು ಓದುವುದು ಲೇಸು. ತಿರುಗುವ ದಿಕ್ಕನ್ನೂ ಗಮನಿಸಬೇಕು. ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಮಾಪಕ ಕೆಲಸ ಮಾಡದು.

ಕೇಬಲನ್ನು ಚೂಪಾಗಿ ಬಗ್ಗಿಸಬಾರದು. ಒಳತಂತಿಗೆ ಗ್ರೀಸನ್ನು ಕೆಳಭಾಗಕ್ಕೆ ಮಾತ್ರ ಹಚ್ಚಬೇಕು. ಮೇಲ್ತುದಿಗೆ ಹಚ್ಚಿದರೆ ತಂತಿಯ ಸುರುಳಿ ಅದನ್ನು ಮಾಪಕದೊಳಕ್ಕೆ ಏರಿಸುತ್ತದೆ. ಮಾಪಕವನ್ನು ಹ್ಯಾಂಡಲಿನ ಬಳಿ ರಬ್ಬರಿನ ಮೇಲೆ ಕೂರಿಸುತ್ತಿದ್ದರು. ಇನ್ನೊಂದು ಪದ್ಧತಿ ನಮಗೆ ವಿಶೇಷವಾಗಿ ರುಚಿಸುತ್ತದೆ: ಮುಖ್ಯವಾದ ಅಂಕಿ ನೆತ್ತಿಗೆ ಬರುವಂತೆ ಇಡೀ ಮಾಪಕವನ್ನೇ ಓರೆಯಾಗಿ ತಿರುಗಿಸಿ ಜೋಡಿಸುವುದು. ಟ್ಯಾಂಕಿನ ಮೇಲೆ ಬೋರಲು ಮಲಗಿದ ಸವಾರನಿಗೆ ಅಂಕಿಗಳನ್ನು ಓದುವಷ್ಟು ಪುರಸತ್ತಿಲ್ಲ. ಮುಳ್ಳು ನೆಟ್ಟಗೆ ನಿಂತಿತೆಂದರೆ ಗೇರು ಬದಲಿಸಬೇಕೆಂದು ಅವನಿಗೆ ತಿಳಿಯುತ್ತದೆ.

ಹೋಂಡಾ ಸಂಸ್ಥೆ 1959ರಲ್ಲಿ ಮ್ಯಾನ್ ದ್ವೀಪದ ಟಿ.ಟಿ. ಪಂದ್ಯಕ್ಕೆ ಬಂದ ಮೇಲೆ ಈ ಲೆಕ್ಕಗಳೆಲ್ಲ ಅಲ್ಲಾಡಿದುವು. 1966ರಲ್ಲಿ ಮೈಕ್ ಹೈಲ್‌ವುಡ್ ವಿಶ್ವಪ್ರಶಸ್ತಿ ಗೆದ್ದ ಆರು ಸಿಲಿಂಡರಿನ 250 ಸಿ.ಸಿ. ಹೋಂಡಾ ನಿಮಿಷಕ್ಕೆ 18,000 ಸುತ್ತಿನವರೆಗೆ ಹೋಗುತ್ತಿತ್ತು. ಸುಜುಕಿಯವರು 50 ಸಿ.ಸಿ.ಯ ಎರಡು ಹೊಡೆತದ ಎಂಜಿನ್ನಿಗೆ 14 ಗೇರುಗಳನ್ನು ಕೊಟ್ಟರು, ಅದರ ಬಲವೆಲ್ಲ ಅಷ್ಟು ಇಕ್ಕಟ್ಟಾದ ಪಟ್ಟಿಯಲ್ಲಿ ಅಡಗಿತ್ತು. ಇಂಥಲ್ಲಿ ಹೆಜ್ಜೆ ಹಾಕುವ ಮುಳ್ಳು ನಿರುಪಯೋಗಿ.

ಎಲೆಕ್ಟ್ರಾನಿಕ್ ಮಾಪಕ ಬಂದದ್ದು ಈ ಅಗತ್ಯದಿಂದಲೇ. ಜರ್ಮನಿಯ ಕ್ರೋಬರ್, ಇಂಗ್ಲೆಂಡಿನ ಸ್ಕಿಟ್ಸು ಎಂಬವು ಇದರಲ್ಲಿ ಹೆಸರಾದುವು. ಇವುಗಳಿಗೆ ಕೇಬಲ್ ಬೇಡ. ಸ್ಕಿಟ್ಸುವಿಗೆ ಪ್ಲಗ್ಗಿಗೆ ಹೋಗುವ ತಂತಿಯ ಮೇಲೆ ಒಂದು ಸಣ್ಣ ತಂತಿಯನ್ನು ಸುತ್ತಿದರೆ ಸಾಕು, ಅದು ಕಿಡಿಗಳನ್ನು ಎಣಿಸುತ್ತದೆ. ಅನುಪಾತದ ಹಳೆಯ ತೊಡಕು ಮಾತ್ರ ವೇಷ ಬದಲಿಸಿ ಇಲ್ಲಿಯೂ ಉಳಿಯಿತು. ನಮ್ಮ ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಜಾವಾದಂಥ ಎರಡು ಹೊಡೆತದ ಒಂಟಿ ಸಿಲಿಂಡರಿನಲ್ಲಿ ಸುತ್ತಿಗೊಂದು ಕಿಡಿ. ಮ್ಯಾಗ್ನೆಟೋ ಇರುವ ಮ್ಯಾಂಕ್ಸಿನಲ್ಲಿ ಎರಡು ಸುತ್ತಿಗೊಂದು. ಒಂದಕ್ಕಾಗಿ ಮಾಡಿದ್ದನ್ನು ಇನ್ನೊಂದಕ್ಕೆ ಇಟ್ಟರೆ ಅಂಕಿ ಅರ್ಧವೋ ಇಮ್ಮಡಿಯೋ ಆಗುತ್ತದೆ.

ಮಿತಿ ಮುಟ್ಟಿದೊಡನೆ ಕಿಡಿಯನ್ನೇ ತಡೆಯುವ ವ್ಯವಸ್ಥೆ ಇಂದಿನ ಇಗ್ನಿಷನ್ನುಗಳಲ್ಲಿ ಉಂಟು. ಹಳೆಯ ವಾಹನಗಳ ಪಂದ್ಯಗಳಲ್ಲಿ ಓಡುವ ಮ್ಯಾಂಕ್ಸುಗಳಿಗೂ ಕೆಲವರು ಅದನ್ನು ಹಾಕಿಸುತ್ತಾರೆ. ಹಾಗಾದರೆ ಮುಳ್ಳು ಇನ್ನೇಕೆ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ತಿರುವಿನಲ್ಲಿ ವೇಗ ಇಳಿಸುವಾಗ ಸವಾರನು ತಪ್ಪಿ ಎರಡು ಗೇರು ಕೆಳಗೆ ಹಾಕಿದನೆಂದರೆ, ಎಂಜಿನ್ನನ್ನು ತಿರುಗಿಸುವುದು ಕಿಡಿಯಲ್ಲ, ಹಿಂದಿನ ಚಕ್ರ. ಆಗ ಕಿಡಿಯನ್ನು ತಡೆದು ಪ್ರಯೋಜನವಿಲ್ಲ. ಮುಟ್ಟಿದ ಗರಿಷ್ಠ ಅಂಕಿಯನ್ನು ಹಿಡಿದಿಡುವ ಮಾಪಕವಿದ್ದರೆ, ಮರುದಿನದ ಪಂದ್ಯಕ್ಕೆ ಮುನ್ನ ಸಿಲಿಂಡರಿನ ತಲೆ ಬಿಚ್ಚಿ ವಾಲ್ವುಗಳನ್ನು ನೋಡಬೇಕೆಂಬುದಾದರೂ ತಿಳಿಯುತ್ತದೆ.