ಡ್ಯಾಶ್‌ಬೋರ್ಡ್ ಬಿರುಕು: ಹಳೆಯ ಕಾರುಗಳಲ್ಲಿ ದುರಸ್ತಿ ಮತ್ತು ಹೊದಿಕೆ

ಕಾರಿನ ಮುಂಗಾಜಿನ ಕೆಳಗೆ ಅಡ್ಡಲಾಗಿ ಹಾಯ್ದು, ಸ್ಪೀಡೋಮೀಟರ್ ಮೊದಲಾದ ಮಾಪಕಗಳನ್ನು ಹೊತ್ತಿರುವ ಫಲಕವೇ ಡ್ಯಾಶ್‌ಬೋರ್ಡ್. 1960ರ ದಶಕದ ಕೊನೆಯಿಂದ ಮುಂದಿನ ಎರಡು ದಶಕಗಳಲ್ಲಿ ತಯಾರಾದ ಕಾರುಗಳಲ್ಲಿ ಇದರ ಮೇಲ್ಭಾಗ ಬಿರಿಯುವುದು ತೀರ ಸಾಮಾನ್ಯ. ಡಾಟ್ಸನ್ 240ಝಡ್, ಬಿಎಂಡಬ್ಲ್ಯು 3 ಸರಣಿಯ ಇ30, ಎಂಜಿಬಿಯ ಅಮೆರಿಕನ್ ಮಾದರಿಗಳು ಈ ದೋಷಕ್ಕೆ ಹೆಸರಾಗಿವೆ. ಬಿರುಕು ಕಣ್ಣಿಗೆ ಮೇಲ್ಮೈಯ ಗಾಯದಂತೆ ಕಂಡರೂ ಅದರ ಮೂಲ ಹೊರಪದರದ ಕುಗ್ಗುವಿಕೆಯಲ್ಲಿದೆ. ತುಂಬಿ ಮುಚ್ಚಿದ ಬಿರುಕು ಒಂದೆರಡು ಬೇಸಿಗೆ ಕಳೆಯುವುದರಲ್ಲಿ ಪಕ್ಕದಲ್ಲೇ ಮತ್ತೆ ಬಾಯಿ ಬಿಡುವುದು ಇದರಿಂದಲೇ. ದುರಸ್ತಿಯ ವಿಧಾನಗಳನ್ನೆಲ್ಲ ಈ ಒಂದು ಸಂಗತಿಯ ಬೆಳಕಿನಲ್ಲಿ ಅಳೆಯಬೇಕಾಗುತ್ತದೆ.

ಹಿನ್ನೆಲೆ

ಮೊದಲ ಕಾರುಗಳ ಡ್ಯಾಶ್ ಮರದ್ದು. ಉಕ್ಕಿನ ಮೈಕಟ್ಟು ಬಂದ ಮೇಲೆ ಒತ್ತಿ ರೂಪಿಸಿದ ತಗಡಿನದು. ಇವೆರಡರಲ್ಲೂ ಇಲ್ಲಿ ಹೇಳುತ್ತಿರುವ ಬಗೆಯ ಬಿರುಕಿಲ್ಲ. ಮರ ಸೀಳಬಹುದು, ವಾರ್ನಿಷ್ ಏಳಬಹುದು, ತಗಡು ತುಕ್ಕು ಹಿಡಿಯಬಹುದು. ಆದರೆ ಅಪಘಾತದಲ್ಲಿ ತಲೆ ಬಡಿಯುವ ಜಾಗ ಅದೇ ಆದ್ದರಿಂದ ತಗಡಿನ ಡ್ಯಾಶ್ ಅಪಾಯಕಾರಿ ಎನಿಸಿತು. 1948ರ ಟಕ್ಕರ್ ಕಾರಿನಲ್ಲಿ ಮೆತ್ತೆ ಹಾಕಿದ ಡ್ಯಾಶ್ ಇತ್ತು. ಫೋರ್ಡ್ 1956ರ ಮಾದರಿಗಳಿಗೆ ಅದನ್ನು ಹೆಚ್ಚಿನ ಹಣಕ್ಕೆ ಒದಗಿಸಿತು. ಈ ಕಾಲದಲ್ಲಿ ಮೆತ್ತೆ ಬೇಕಾದವರಿಗೆ ಮಾತ್ರ ಸಿಗುವ ಸೌಕರ್ಯವಾಗಿತ್ತು.

ಕಡ್ಡಾಯ ಬಂದದ್ದು ಅಮೆರಿಕದಿಂದ. ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ಪುಸ್ತಕ ಕಾರು ತಯಾರಕರ ಅಲಕ್ಷ್ಯವನ್ನು ಸಾರ್ವಜನಿಕ ಚರ್ಚೆಗೆ ಎಳೆಯಿತು. 1966ರಲ್ಲಿ ವಾಹನ ಸುರಕ್ಷತಾ ಕಾಯಿದೆ ಜಾರಿಯಾಯಿತು. ಅದರಡಿ ರೂಪಿಸಿದ 201ನೇ ಮಾನದಂಡ 1968ರ ಜನವರಿ 1ರಿಂದ ಅನ್ವಯವಾಯಿತು. ಈ ಮಾನದಂಡದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಆಮೇಲಿನ ಡ್ಯಾಶಿನ ರಚನೆಯೆಲ್ಲ ಅದನ್ನು ಗೆಲ್ಲಲು ಹುಟ್ಟಿದ್ದು. ಸುಮಾರು 6.8 ಕಿಲೋ ತೂಕದ, 165 ಮಿ.ಮೀ. ವ್ಯಾಸದ ತಲೆಯಾಕಾರದ ಗುಂಡನ್ನು ಗಂಟೆಗೆ 24 ಕಿ.ಮೀ. ವೇಗದಲ್ಲಿ ಡ್ಯಾಶಿಗೆ ಬಡಿಸುತ್ತಾರೆ. ಗುಂಡು ನಿಲ್ಲುವಾಗ ಅದರ ವೇಗ ಇಳಿಯುವ ದರ ಸತತ 3 ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಗುರುತ್ವದ 80 ಪಟ್ಟನ್ನು ಮೀರಬಾರದು. ಬರಿಯ ತಗಡಿಗೆ ಇದು ಕಷ್ಟ. ಉಕ್ಕಿನ ಚೌಕಟ್ಟು, ಅದರ ಮೇಲೆ ಪಾಲಿಯುರೆಥೇನ್ ಫೋಮ್, ಅದಕ್ಕೆ ಹೊರಗಿನಿಂದ ವಿನೈಲ್ ಚರ್ಮ, ಹೀಗೆ ಮೂರು ಪದರದ ಡ್ಯಾಶ್ ಎಲ್ಲೆಡೆ ಹರಡಿತು.

ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾಗುತ್ತಿದ್ದ ಎಂಜಿಬಿಯಲ್ಲಿ ಈ ಬದಲಾವಣೆಯನ್ನು ಒಂದೇ ಕಾರಿನೊಳಗೆ ಕಾಣಬಹುದು. 1962ರಲ್ಲಿ ಬಂದ ಕಾರಿಗೆ ಸುಕ್ಕುಗಟ್ಟಿದ ಕಪ್ಪು ಬಣ್ಣದ ತಗಡಿನ ಡ್ಯಾಶಿತ್ತು. 1968ರ ಮಾದರಿಯಿಂದ ಅಮೆರಿಕಕ್ಕೆ ಹೋಗುವ ಕಾರುಗಳಿಗಷ್ಟೇ ದಪ್ಪನೆಯ ಮೆತ್ತೆಯ ಡ್ಯಾಶ್ ಹಾಕಿದರು. ಸ್ವದೇಶದ ಕಾರುಗಳಲ್ಲಿ ತಗಡೇ ಮುಂದುವರಿಯಿತು. ಮೆತ್ತೆಯಲ್ಲಿ ಕೈಪೆಟ್ಟಿಗೆಗೂ ಜಾಗ ಉಳಿಯಲಿಲ್ಲ. ಅಭಿಮಾನಿಗಳು ಅದನ್ನು ‘ಆಬಿಂಗ್ಡನ್ ದಿಂಬು’ ಎಂದು ಗೇಲಿ ಮಾಡಿದರು. ಇಂದು ತಗಡಿನ ಡ್ಯಾಶಿಗೆ ಒಂದು ಕೈ ಬಣ್ಣ ಬಳಿದರೆ ಮುಗಿಯಿತು; ಅದೇ ವಯಸ್ಸಿನ ದಿಂಬು ಮಾತ್ರ ಬಿರುಕು ಬಿಡದೆ ಸಿಗುವುದು ಅಪರೂಪ.

ಬಿರಿಯುವ ಬಗೆ

ವಿನೈಲ್ ಚರ್ಮದ ಮೂಲವಸ್ತುವಾದ ಪಿವಿಸಿ ಸಹಜವಾಗಿ ಗಡಸು ಪ್ಲಾಸ್ಟಿಕ್. 1926ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೀಮನ್ ಅದಕ್ಕೆ ಕೆಲವು ದ್ರಾವಕಗಳನ್ನು ಬೆರೆಸಿ ರಬ್ಬರಿನಂತೆ ಬಾಗುವ ವಸ್ತುವನ್ನು ಪಡೆದ. ಈ ಮೆದುಗಾರಕಗಳು, ಬಹುಪಾಲು ಥ್ಯಾಲೇಟ್ ಜಾತಿಯ ಎಣ್ಣೆಗಳು, ಪಿವಿಸಿಯ ಅಣುಸರಪಳಿಗಳಿಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ. ಅವುಗಳ ನಡುವೆ ಸೇರಿಕೊಂಡಿರುತ್ತವೆ, ಅಷ್ಟೇ. ಮೆದು ವಿನೈಲಿನ ತೂಕದಲ್ಲಿ ಇವುಗಳ ಪಾಲು ಮೂರನೇ ಒಂದರಷ್ಟಿರುವುದೂ ಉಂಟು. ಬಿಸಿಗೆ ಇವು ನಿಧಾನವಾಗಿ ಹೊರಬರುತ್ತವೆ. ಒಂದು ಪಾಲು ಆವಿಯಾಗಿ ಹೋಗುತ್ತದೆ, ಒಂದು ಪಾಲು ಒಳಗಿನ ಫೋಮಿಗೆ ಇಳಿಯುತ್ತದೆ. ಬಿಸಿಲಲ್ಲಿ ನಿಂತ ಹಳೆಯ ಕಾರಿನ ಮುಂಗಾಜಿನ ಒಳಮೈಯನ್ನು ಬಟ್ಟೆಯಿಂದ ಒರೆಸಿದರೆ ಸಿಗುವ ಜಿಡ್ಡಿನ ಮಸುಕಿನಲ್ಲಿ ಡ್ಯಾಶಿನ ಮೆದುಗಾರಕವೂ ಇರುತ್ತದೆ. ಹಗಲು ಆವಿಯಾದದ್ದು ರಾತ್ರಿ ತಣ್ಣಗಿನ ಗಾಜಿನ ಮೇಲೆ ಕೂರುತ್ತದೆ. ಮಾಲೀಕ ಅದನ್ನು ಒರೆಸಿ ಎಸೆಯುತ್ತಾನೆ. ಮರುದಿನ ಮತ್ತಷ್ಟು ಹೊರಡುತ್ತದೆ.

ಮೆದುಗಾರಕ ಹೋದಷ್ಟೂ ಚರ್ಮ ಗಡಸಾಗುತ್ತದೆ, ಜೊತೆಗೆ ಕುಗ್ಗುತ್ತದೆ. ಕೆಳಗಿನ ಉಕ್ಕು ಕುಗ್ಗುವುದಿಲ್ಲ. ಅರಿಝೋನಾದ ಟೆಂಪೆಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಡ್ಯಾಶಿನ ಸರಾಸರಿ ಉಷ್ಣತೆ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. 1.4 ಮೀಟರ್ ಅಗಲದ ಡ್ಯಾಶ್ 20ರಿಂದ 70 ಡಿಗ್ರಿಗೆ ಕಾದಾಗ ಅದರ ಉಕ್ಕು ಒಂದು ಮಿಲಿಮೀಟರಿಗೂ ಕಡಿಮೆ ಹಿಗ್ಗುತ್ತದೆ. ವಿನೈಲ್ ಬಿಡಿಯಾಗಿದ್ದರೆ 5 ಮಿ.ಮೀ. ಆಸುಪಾಸು ಹಿಗ್ಗೀತು. ಹೊಸ ಚರ್ಮ ಈ ದಿನನಿತ್ಯದ ಎಳೆದಾಟವನ್ನು ತಾಳಿಕೊಳ್ಳುತ್ತದೆ. ಗಡಸಾದ ಚರ್ಮಕ್ಕೆ ಅದು ಸಾಧ್ಯವಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಶಾಖ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಬಿಡಿಸಿ ಸರಪಳಿಯನ್ನೇ ಕೆಡಿಸುತ್ತವೆ. ಫೋಮ್ ತಯಾರಿಕೆಯಲ್ಲಿ ಬಳಸುವ ಅಮೀನ್ ವೇಗವರ್ಧಕಗಳ ಶೇಷವೂ ಇದಕ್ಕೆ ನೆರವಾಗುತ್ತದೆಂದು ತಿಳಿದುಬಂದಿದೆ. ಅಂದರೆ ಹಾನಿ ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ.

ಬಿರುಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಸ್ಪೀಕರ್ ಜಾಲರಿ, ಗಾಜಿಗೆ ಗಾಳಿ ಬಿಡುವ ಕಂಡಿಗಳ ಮೂಲೆ, ಸ್ಕ್ರೂ ತೂತು, ಮಾಪಕಗಳ ಮೇಲಿನ ಗೂಡಿನ ಬಾಗು ಇವೇ ಆರಂಭಬಿಂದುಗಳು. 240ಝಡ್‌ನಲ್ಲಿ ನಡುವೆ ಮೂರು ಮಾಪಕಗಳನ್ನು ಹೊತ್ತ ಗೂಡುಗಳಿವೆ. ಅಲ್ಲಿಂದ ಹೊರಟ ಬಿರುಕು ಹೆಚ್ಚಾಗಿ ಮುಂಗಾಜಿನ ಕಡೆಗೆ ಓಡುತ್ತದೆ. ಬಿರಿದ ಅಂಚುಗಳು ಬೇಸಿಗೆಯ ಕೆರೆಯಂಗಳದ ಕೆಸರಿನಂತೆ ಮೇಲಕ್ಕೆ ಮುರುಟಿಕೊಳ್ಳುತ್ತವೆ. ಒಳಗೆ ಕಾಣುವ ಫೋಮ್ ಬೆರಳು ತಾಗಿದರೆ ಹಳದಿ ಪುಡಿಯಾಗಿ ಉದುರುತ್ತದೆ.

ತುಂಬುವ ವಿಧಾನ

ಕೆಲಸಕ್ಕೆ ಇಳಿಯುವ ಮೊದಲು ಬಿರುಕಿನಿಂದ ಗೇಣು ದೂರದ ಚರ್ಮವನ್ನು ಉಗುರಿನಿಂದ ಒತ್ತಿ ನೋಡುವುದು ಒಳ್ಳೆಯ ರೂಢಿ. ತಗ್ಗು ನಿಧಾನವಾಗಿ ಮೇಲೆದ್ದರೆ ಚರ್ಮದಲ್ಲಿ ಇನ್ನೂ ಜೀವವಿದೆ, ತುಂಬುವುದರಲ್ಲಿ ಅರ್ಥವಿದೆ. ಉಗುರು ಇಳಿಯದಿದ್ದರೆ ಅಥವಾ ಒತ್ತಿದಲ್ಲೇ ಚಟಕ್ಕೆಂದರೆ ಹೊಸ ಚರ್ಮದ ಯೋಚನೆ ಮಾಡುವುದು ಲೇಸು.

ಮೊದಲು ಡ್ಯಾಶನ್ನು ಹಲವು ಬಾರಿ ತೊಳೆದು ಹಿಂದಿನ ಪಾಲಿಷಿನ ಸಿಲಿಕೋನ್ ತೆಗೆಯಬೇಕು. ಅದು ಉಳಿದರೆ ಬಣ್ಣ ಮೇಲ್ಮೈಗೆ ಹಿಡಿಯದೆ ಮೀನಿನ ಕಣ್ಣಿನಾಕಾರದ ಕುಳಿಗಳು ಏಳುತ್ತವೆ. ನಂತರ ಮುರುಟಿದ ಅಂಚನ್ನು ಕತ್ತರಿಸಿ, ಬಿರುಕನ್ನು ಇಳಿಜಾರಾಗಿ ಅಗಲಿಸುತ್ತಾರೆ. ಸಡಿಲ ಫೋಮನ್ನೆಲ್ಲ ಕೆರೆದು ತೆಗೆದು, ಹೊಸ ಯುರೆಥೇನ್ ಫೋಮ್ ಅಥವಾ ಬಾಗುವ ಗುಣದ ಎರಡು ಭಾಗದ ಫಿಲ್ಲರ್ ತುಂಬಿ, ಒಣಗಿದ ಮೇಲೆ ಒರಟು ಕಾಗದದಿಂದ ನಯ ಕಾಗದದವರೆಗೆ ಉಜ್ಜುತ್ತಾರೆ. ಮೈಕಟ್ಟಿನ ತಗ್ಗು ತುಂಬುವ ಪಾಲಿಯೆಸ್ಟರ್ ಪುಟ್ಟಿ ಇಲ್ಲಿ ಕೆಲಸಕ್ಕೆ ಬಾರದು: ಅದು ಗಾಜಿನಂತೆ ಗಡಸು, ಪಕ್ಕದ ಚರ್ಮ ಹಿಗ್ಗಿ ಕುಗ್ಗುವಾಗ ಅಂಚಿನಲ್ಲೇ ಬಿಟ್ಟುಕೊಳ್ಳುತ್ತದೆ. ಇಷ್ಟೇ ಅಲ್ಲ, ದಪ್ಪಗೆ ಮೆತ್ತಿದ ಗಡಸು ಪುಟ್ಟಿ ಅಥವಾ ಫೈಬರ್‌ಗ್ಲಾಸ್ ಮೆತ್ತೆಯನ್ನು ಮತ್ತೆ ಕಲ್ಲಾಗಿಸುತ್ತದೆ. ಪ್ರದರ್ಶನಕ್ಕೆ ಮಿರುಗುವಂತೆ ಸಿದ್ಧವಾದ ಎಷ್ಟೋ ಡ್ಯಾಶ್‌ಗಳು ಸುರಕ್ಷತೆಯಲ್ಲಿ 1968ಕ್ಕಿಂತ ಹಿಂದಕ್ಕೆ ಹೋಗಿರುತ್ತವೆ ಎನ್ನಬಹುದು.

ನಿಜವಾದ ಕಷ್ಟ ಇರುವುದು ಮೇಲ್ಮೈಯ ವಿನ್ಯಾಸದಲ್ಲಿ. ಕಾರ್ಖಾನೆಯ ಚರ್ಮದಲ್ಲಿ ತೊಗಲಿನ ಗೆರೆಗಳನ್ನು ಒತ್ತಿರುತ್ತಾರೆ. ಸಿಂಪಡಿಸುವ ಬಣ್ಣದಿಂದ ಬರುವುದು ಕಾಳುಕಾಳಾದ ಒರಟು. ಆದ್ದರಿಂದ ನುರಿತವರು ತುಂಬಿದ ಪಟ್ಟಿಯೊಂದಕ್ಕೇ ಅಲ್ಲದೆ ಇಡೀ ಮೇಲ್ಭಾಗಕ್ಕೂ ಒಂದೇ ಒರಟು ಕೊಟ್ಟು, ಮೇಲೆ ಮಂದ ಹೊಳಪಿನ ವಿನೈಲ್ ಬಣ್ಣ ಹೊಡೆಯುತ್ತಾರೆ. ಹೊಳಪು ಹೆಚ್ಚಾದರೆ ಡ್ಯಾಶಿನ ಬಿಂಬ ಮುಂಗಾಜಿನಲ್ಲಿ ಮೂಡಿ ಚಾಲಕನ ಕಣ್ಣಿಗೆ ಅಡ್ಡ ಬರುತ್ತದೆ.

ಹೊದಿಕೆಗಳು

ಅಗ್ಗದ ದಾರಿ ಕ್ಯಾಪ್. ಡ್ಯಾಶಿನ ಆಕಾರಕ್ಕೇ ರೂಪಿಸಿದ ತೆಳು ಎಬಿಎಸ್ ಪ್ಲಾಸ್ಟಿಕ್ ಚಿಪ್ಪನ್ನು ಹಳೆಯದರ ಮೇಲೆ ಸಿಲಿಕೋನ್ ಗೋಂದಿನಿಂದ ಕೂರಿಸುತ್ತಾರೆ. ಮುರುಟಿದ ಅಂಚುಗಳನ್ನು ಮೊದಲೇ ಕತ್ತರಿಸದಿದ್ದರೆ ಚಿಪ್ಪು ಕೂರದೆ ಎತ್ತಿ ನಿಲ್ಲುತ್ತದೆ. ಹುಳಿ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುವುದರಿಂದ, ಬಿರುಕಿನೊಳಗೆ ಉಕ್ಕು ಕಾಣುವಲ್ಲಿ ತಟಸ್ಥ ಬಗೆಯದನ್ನೇ ಆರಿಸಬೇಕು. ಕ್ಯಾಪ್ ದೂರದಿಂದ ಚೆಂದ. ಹತ್ತಿರ ಹೋದರೆ ಕಂಡಿಗಳ ಸುತ್ತ ಎರಡು ಅಂಚುಗಳು ಕಾಣುತ್ತವೆ. ಒಮ್ಮೆ ಅಂಟಿಸಿದ ಮೇಲೆ ಮೂಲ ಚರ್ಮವನ್ನು ಉಳಿಸಿಕೊಂಡು ಕೀಳುವುದು ಬಹುತೇಕ ಅಸಾಧ್ಯ.

ಪೂರ್ಣ ದುರಸ್ತಿಯೆಂದರೆ ಡ್ಯಾಶನ್ನು ಬಿಚ್ಚಿ, ಚೌಕಟ್ಟಿನವರೆಗೆ ಕೆರೆದು, ಫೋಮನ್ನು ಹೊಸದಾಗಿ ರೂಪಿಸಿ, ಕಾಯಿಸಿದ ವಿನೈಲ್ ಹಾಳೆಯನ್ನು ನಿರ್ವಾತದಿಂದ ಎಳೆದು ಕೂರಿಸುವುದು. ಇದು ಕಾರ್ಖಾನೆಯ ಕೆಲಸಕ್ಕೆ ಅತಿ ಹತ್ತಿರದ್ದು, ದುಬಾರಿಯೂ ಹೌದು. ಆಳವಾದ ಗೂಡುಗಳೊಳಗೆ ಇಳಿಯುವಾಗ ಹಾಳೆ ಎಳೆದು ತೆಳುವಾಗುವುದರಿಂದ ಅಲ್ಲಿ ತೊಗಲಿನ ಗೆರೆಗಳು ಅಳಿಸಿಹೋಗುವುದುಂಟು. 240ಝಡ್‌ನಂಥ ಬೇಡಿಕೆಯ ಕಾರುಗಳಿಗೆ ಹೊಸದಾಗಿ ಎರಕ ಹೊಯ್ದ ಡ್ಯಾಶ್‌ಗಳೂ ಈಗ ಸಿಗುತ್ತವೆ.

ತೊಗಲು ಅಥವಾ ರೆಕ್ಸಿನ್ ಹೊಲಿದು ಹೊದಿಸುವುದು ಇನ್ನೊಂದು ದಾರಿ. ಹೊಲಿಗೆ ಎಲ್ಲಿ ಬರಬೇಕೆಂಬುದು ಇಲ್ಲಿ ಮುಖ್ಯ. ಒಳಬಾಗಿನಲ್ಲಿ ಹೊಲಿಗೆಯಿಲ್ಲದೆ ಎಳೆದು ಅಂಟಿಸಿದ ಬಟ್ಟೆ ಮೊದಲ ಬೇಸಿಗೆಗೇ ಮೇಲೇಳುತ್ತದೆ. ಸೀಟಿಗೆ ಸಾಕಾಗುವ ರಬ್ಬರ್ ಗೋಂದು 70 ಡಿಗ್ರಿಯ ಡ್ಯಾಶಿಗೆ ಸಾಕಾಗದಿರಬಹುದು. ರ‍್ಯಾಲಿ ಕಾರುಗಳಲ್ಲಿ ಬೆಳಕು ಪ್ರತಿಫಲಿಸದಿರಲೆಂದು ಗೋಂದಿನ ಮೇಲೆ ನುಣ್ಣನೆಯ ನೂಲಿನ ಪುಡಿ ಹಿಡಿಸುವ ಪದ್ಧತಿಯಿದೆ. ಸಣ್ಣಪುಟ್ಟ ದುರಸ್ತಿಯ ಗುರುತುಗಳೂ ಅದರಡಿ ಮುಚ್ಚಿಹೋಗುತ್ತವೆ. ಮೇಲೆ ಹಾಸುವ ಕಾರ್ಪೆಟ್ ತುಂಡು ಬಿರುಕನ್ನು ವಾಸಿ ಮಾಡುವುದಿಲ್ಲ, ಬಿಸಿಲನ್ನು ತಡೆಯುತ್ತದೆ. ಮುಂದಿನ ಸೀಟಿನ ಏರ್‌ಬ್ಯಾಗ್ ಡ್ಯಾಶಿನೊಳಗಿರುವ ಕಾರುಗಳಿಗೆ ಇಲ್ಲಿ ಹೇಳಿದ ಯಾವ ಹೊದಿಕೆಯೂ ಸಲ್ಲದು.

ಸಂರಕ್ಷಣೆಯ ದೃಷ್ಟಿ

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ಮೂಲವಸ್ತುವನ್ನು ಆದಷ್ಟು ಉಳಿಸಬೇಕು, ಮಾಡಿದ ಕೆಲಸವನ್ನು ದಾಖಲಿಸಬೇಕು ಎನ್ನುತ್ತದೆ. ಆ ಅಳತೆಯಲ್ಲಿ ಬಿರಿದ ಡ್ಯಾಶನ್ನು ಬಿರಿದಂತೆಯೇ ಬಿಟ್ಟು, ಮತ್ತಷ್ಟು ಬಿರಿಯದಂತೆ ನೆರಳಲ್ಲಿಡುವುದೂ ಒಂದು ಗೌರವಾನ್ವಿತ ಆಯ್ಕೆ. ಪಿವಿಸಿ ಸಂರಕ್ಷಣೆಯ ಮುಖ್ಯ ಸಂಶೋಧನೆ ನಡೆದದ್ದು ವಸ್ತುಸಂಗ್ರಹಾಲಯಗಳಲ್ಲಿ. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಇವಾನ್ ಶಾಶುವಾ, ಗಾಳಿಯಾಡದ ಮುಚ್ಚಿದ ಪಾತ್ರೆಯಲ್ಲಿಟ್ಟ ಮೆದು ಪಿವಿಸಿ ಮೆದುಗಾರಕವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆಂದು ತೋರಿಸಿದರು. ಕಾರನ್ನು ಹಾಗೆ ಡಬ್ಬಿಯೊಳಗೆ ಹಾಕಲಾಗದು; ತಂಪು ಮತ್ತು ಕತ್ತಲನ್ನು ಒದಗಿಸಬಹುದು. ಅಂಗಡಿಯ ಸಿಲಿಕೋನ್ ಪಾಲಿಷ್‌ಗಳು ಬಿರುಕಿಗೆ ಕಾರಣವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಸಾಬೀತಾದದ್ದೆಂದು ಹೇಳಲಾಗದು. ಅವು ಕಳೆದುಹೋದ ಮೆದುಗಾರಕವನ್ನು ಮರಳಿ ತುಂಬುವುದಂತೂ ಇಲ್ಲ.

ಭಾರತದಲ್ಲಿ

ಇಟಲಿಯ ಫಿಯೆಟ್ 1100 ಹಾಗೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬೇರಿನಿಂದ ಬಂದ ಇಲ್ಲಿನ ಹಳೆಯ ಕಾರುಗಳ ಆರಂಭಿಕ ಮಾದರಿಗಳಲ್ಲಿ ಬಣ್ಣದ ತಗಡಿಗೇ ಪ್ರಾಧಾನ್ಯ. ಅವುಗಳ ಡ್ಯಾಶ್ ಟಿಂಕರಿಂಗ್ ಮತ್ತು ಪೇಂಟಿಂಗ್‌ನವರ ಕೆಲಸ. 1983ರ ಮಾರುತಿ 800ರ ಪೀಳಿಗೆಯಿಂದ ಪ್ಲಾಸ್ಟಿಕ್ ಡ್ಯಾಶ್ ಮನೆಮಾತಾಯಿತು. ಮೂರು ಪದರದ ಮೆತ್ತೆಯಿಲ್ಲದ ಗಡಸು ಪ್ಲಾಸ್ಟಿಕ್ ಸಾಮಾನ್ಯವಾಗಿ ಸ್ಕ್ರೂ ಕೂರುವಲ್ಲಿ ಸೀಳುತ್ತದೆ, ಹಿಂಬದಿಯಿಂದ ಬೆಸುಗೆ ಹಾಕಿದರೆ ನಿಲ್ಲುತ್ತದೆ. ಆಮದಾದ ಕಾರುಗಳ ಮೆದು ಡ್ಯಾಶಿಗೆ ಸೀಟ್ ಕವರ್ ಅಂಗಡಿಯ ರೆಕ್ಸಿನ್ ಹೊದಿಕೆಯೇ ರೂಢಿಯ ಪರಿಹಾರ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗಳ ಆಸುಪಾಸಿನಲ್ಲಿ ಇಂಥ ಕೆಲಸಗಾರರು ಸಿಗುತ್ತಾರೆ. 2021ರ ಕೇಂದ್ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಕಾರು ‘ವಿಂಟೇಜ್’ ನೋಂದಣಿಗೆ ಅರ್ಹ. ಗಣನೀಯ ಬದಲಾವಣೆಯ ಉದಾಹರಣೆಯಾಗಿ ಆ ನಿಯಮ ಹೆಸರಿಸುವುದು ಚಾಸಿ, ಮೈಕಟ್ಟು ಮತ್ತು ಎಂಜಿನ್‌ಗಳನ್ನು. ಡ್ಯಾಶ್‌ಬೋರ್ಡ್ ಆ ಸಾಲಿನಲ್ಲಿಲ್ಲ.