ಜಪಾನ್ ಸರ್ಕಾರದ ಪೂರ್ಣ ವಿದ್ಯಾರ್ಥಿವೇತನ: ಅರ್ಜಿ ಹಾಕುವ ಮುನ್ನ ತಿಳಿದಿರಬೇಕಾದ ವಿಷಯಗಳು

ವಿದೇಶದಲ್ಲಿ ಓದುವುದೆಂದರೆ ಮನೆ ಅಥವಾ ಜಮೀನಿನ ಮೇಲೆ ಸಾಲ ತೆಗೆಯುವುದು ಎಂದೇ ಬಹಳ ಕುಟುಂಬಗಳು ತಿಳಿದಿವೆ. ಶುಲ್ಕವನ್ನೂ ಕಟ್ಟಿ, ತಿಂಗಳ ಖರ್ಚಿಗೂ ಹಣ ಕೊಟ್ಟು ಓದಿಸುವ ಯೋಜನೆಗಳು ಹಲವು ದೇಶಗಳಲ್ಲಿವೆ. ಆದರೆ ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು, ಅಮೆರಿಕದ ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷ. ಪಿಯುಸಿ ಅಥವಾ ಪದವಿ ಮುಗಿಸಿದ ಕೂಡಲೇ ಅರ್ಜಿ ಹಾಕಬಹುದಾದ ಯೋಜನೆ ಜಪಾನ್ ಸರ್ಕಾರದ್ದು. ಆ ದೇಶದ ಶಿಕ್ಷಣ ಸಚಿವಾಲಯ 1954ರಿಂದ ಇದನ್ನು ನಡೆಸುತ್ತಿದೆ. ಸಚಿವಾಲಯದ ಇಂಗ್ಲಿಷ್ ಹೆಸರಿನ ಅಕ್ಷರಗಳಿಂದ ಇದಕ್ಕೆ ಮೆಕ್ಸ್ಟ್ ವಿದ್ಯಾರ್ಥಿವೇತನ ಎಂಬ ಹೆಸರು ಬಂದಿದೆ.

ಏನೇನು ಸಿಗುತ್ತದೆ

ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಬೋಧನಾ ಶುಲ್ಕದ ಸಾಮಾನ್ಯ ಮಟ್ಟ 5,35,800 ಯೆನ್, ಸೇರುವಾಗ ಒಮ್ಮೆ ಕಟ್ಟುವ ಶುಲ್ಕ 2,82,000 ಯೆನ್. ಆಯ್ಕೆಯಾದವರು ಇವೆರಡನ್ನೂ ಕಟ್ಟಬೇಕಿಲ್ಲ. ಹೋಗುವ ವಿಮಾನ ಟಿಕೆಟ್ ಸರ್ಕಾರದ್ದು. ಅವಧಿ ಮುಗಿಸಿ ನಿಗದಿತ ಸಮಯದೊಳಗೆ ಹಿಂದಿರುಗುವವರಿಗೆ ಬರುವ ಟಿಕೆಟ್ ಕೂಡ. ತಿಂಗಳ ವೇತನ ಇತ್ತೀಚಿನ ಪ್ರಕಟಣೆಗಳ ಪ್ರಕಾರ ಪದವಿ ವಿದ್ಯಾರ್ಥಿಗೆ 1,17,000 ಯೆನ್, ಸ್ನಾತಕೋತ್ತರಕ್ಕೆ 1,44,000, ಪಿಎಚ್‌ಡಿಗೆ 1,45,000. ಸ್ನಾತಕೋತ್ತರದ ಮೊತ್ತ ರೂಪಾಯಿಯಲ್ಲಿ 80,000ದ ಆಸುಪಾಸು. ಯೆನ್ ಬೆಲೆ ಏರಿಳಿಯುತ್ತಿರುತ್ತದೆ, ಹಾಗಾಗಿ ರೂಪಾಯಿಯ ಲೆಕ್ಕ ನೆಚ್ಚಿಕೊಳ್ಳಬಾರದು.

ಸಿಗದಿರುವುದನ್ನೂ ನೋಡಬೇಕು. ಊರಿನಿಂದ ವಿಮಾನ ನಿಲ್ದಾಣದವರೆಗಿನ ಪ್ರಯಾಣ, ಹೆಂಡತಿ ಅಥವಾ ಗಂಡನನ್ನು ಕರೆದೊಯ್ಯುವ ವೆಚ್ಚ ಇದರಲ್ಲಿ ಸೇರಿಲ್ಲ. ಮೊದಲ ವೇತನ ಕೈಸೇರುವವರೆಗೆ ಬಾಡಿಗೆ, ಹಾಸಿಗೆ, ಪಾತ್ರೆ ಪಡಗಕ್ಕೆ ಸ್ವಲ್ಪ ಹಣ ಮನೆಯಿಂದಲೇ ಬೇಕು. ವಿದ್ಯಾರ್ಥಿ ಪ್ರತಿ ತಿಂಗಳು ವಿಶ್ವವಿದ್ಯಾಲಯದಲ್ಲಿ ಸಹಿ ಹಾಕಬೇಕು. ಇಡೀ ತಿಂಗಳು ಊರಿಗೆ ಬಂದು ಕುಳಿತರೆ ಆ ತಿಂಗಳ ವೇತನ ಬರುವುದಿಲ್ಲ. ಮದುವೆ ಮುಂಜಿಗೆ ಮಕ್ಕಳನ್ನು ಕರೆಸುವ ಮನೆಯವರಿಗೆ ಇದು ತಿಳಿದಿರಲಿ.

ರಾಯಭಾರ ಕಚೇರಿಯ ಮೂಲಕ ಹಾಕುವ ಅರ್ಜಿಗೆ ಶುಲ್ಕವಿಲ್ಲ, ಮಧ್ಯವರ್ತಿಗಳಿಗೆ ಅದರಲ್ಲಿ ಯಾವ ಪಾತ್ರವೂ ಇಲ್ಲ. ಅಂಕಪಟ್ಟಿಯ ಪ್ರತಿ, ವೈದ್ಯಕೀಯ ತಪಾಸಣೆ, ಕೊರಿಯರ್, ಪರೀಕ್ಷೆಗೆ ಹೋಗಿಬರುವ ಖರ್ಚು ಇಷ್ಟೇ. "ಸೀಟು ಗ್ಯಾರಂಟಿ" ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿ ಕೊಟ್ಟರೂ ನಷ್ಟವೇ. ಬರೀ ಶುಲ್ಕ ರಿಯಾಯಿತಿಯ ಪತ್ರ ತೋರಿಸಿ ಅದನ್ನೇ ಪೂರ್ಣ ವಿದ್ಯಾರ್ಥಿವೇತನ ಎನ್ನುವವರೂ ಇದ್ದಾರೆ. ಜೀವನ ವೆಚ್ಚ ಯಾರು ಕೊಡುತ್ತಾರೆ ಎಂದು ಕೇಳಿದರೆ ಸತ್ಯ ಹೊರಬರುತ್ತದೆ.

ಪಿಯುಸಿ ಮುಗಿಸಿದವರಿಗೆ

ಪದವಿ ವಿಭಾಗಕ್ಕೆ ಹನ್ನೆರಡು ವರ್ಷದ ಶಾಲಾ ಶಿಕ್ಷಣ ಮತ್ತು 25ರೊಳಗಿನ ವಯಸ್ಸು ಬೇಕು. ಬರಹ ಪರೀಕ್ಷೆಯಲ್ಲಿ ಜಪಾನಿ, ಇಂಗ್ಲಿಷ್, ಗಣಿತ. ವಿಜ್ಞಾನದವರಿಗೆ ಇವುಗಳ ಜೊತೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಎರಡು. ಜಪಾನಿ ಭಾಷೆ ಬಾರದವರೂ ಆಯ್ಕೆಯಾಗುತ್ತಾರೆ, ಆದರೆ ಗಣಿತದಲ್ಲಿ ಗಟ್ಟಿಯಿರಬೇಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಜಪಾನಿನ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಪಡೆಯಬಹುದು.

ಕೋರ್ಸಿನ ಒಟ್ಟು ಅವಧಿ ಐದು ವರ್ಷ. ಮೊದಲ ವರ್ಷ ಪೂರ್ತಿ ಭಾಷೆ ಕಲಿಯುವುದಕ್ಕೆ, ಆಮೇಲಿನ ನಾಲ್ಕು ವರ್ಷದ ಪದವಿ ಪಾಠಗಳು ಜಪಾನಿಯಲ್ಲೇ. ಆಯ್ಕೆಯಾದರೂ ಹೊರಡುವುದು ಮರುವರ್ಷದ ಏಪ್ರಿಲ್‌ನಲ್ಲಿ. ಅಂತಿಮ ಫಲಿತಾಂಶ ಬರುವ ಹೊತ್ತಿಗೆ ಇಲ್ಲಿ ಸಿಇಟಿ ಪ್ರವೇಶ ಮುಗಿದು ತಿಂಗಳುಗಳಾಗಿರುತ್ತವೆ. ಇದನ್ನೇ ನಂಬಿ ಇಲ್ಲಿ ಸಿಕ್ಕ ಸೀಟು ಬಿಡುವುದು ಸರಿಯಲ್ಲ.

ಪದವೀಧರರಿಗೆ

ಹೆಚ್ಚಿನ ಗೊಂದಲ ಇರುವುದು ಇಲ್ಲಿ. ಪದವೀಧರರು ಹಾಕುವ ಅರ್ಜಿಗೆ "ಸಂಶೋಧನಾ ವಿದ್ಯಾರ್ಥಿ" ಎಂಬ ಹೆಸರಿದೆ. ವಯಸ್ಸು 35ರೊಳಗಿರಬೇಕು. ಆದರೆ ಸಂಶೋಧನಾ ವಿದ್ಯಾರ್ಥಿಯಾಗಿ ಹೋಗುವುದೆಂದರೆ ಎಂ.ಟೆಕ್ ಅಥವಾ ಎಂ.ಎಸ್ಸಿಗೆ ಸೇರಿದಂತಲ್ಲ. ಅದು ಪದವಿಯಿಲ್ಲದ ತಯಾರಿಯ ಅವಧಿ, ಹೆಚ್ಚೆಂದರೆ ಎರಡು ವರ್ಷ. ಆ ಅವಧಿಯಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ವೇತನ ಮುಂದುವರಿಸಲು ಮತ್ತೆ ಅರ್ಜಿ ಹಾಕಿ, ಸ್ನಾತಕೋತ್ತರಕ್ಕೆ ಸೇರಬೇಕು. ನೇರವಾಗಿ ಸ್ನಾತಕೋತ್ತರಕ್ಕೇ ಪ್ರವೇಶ ಸಿಗುವವರೂ ಇದ್ದಾರೆ. ಪ್ರವೇಶ ಪರೀಕ್ಷೆಯಲ್ಲಿ ನಪಾಸಾದರೆ ಪದವಿಯಿಲ್ಲದೆ ಹಿಂದಿರುಗಬೇಕಾಗುತ್ತದೆ. ಈ ಮಾತು ಮೊದಲೇ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು.

ಆರಿಸುವ ವಿಷಯ ಓದಿದ್ದಕ್ಕೆ ಸಂಬಂಧಪಟ್ಟಿರಬೇಕು. ಬಿ.ಕಾಂ ಓದಿ ರೋಬಾಟ್ ಬಗ್ಗೆ ಸಂಶೋಧನೆ ಮಾಡುತ್ತೇನೆಂದರೆ ನಡೆಯುವುದಿಲ್ಲ. ಎಂಬಿಬಿಎಸ್ ಆದವರು ವೈದ್ಯಕೀಯ ಸಂಶೋಧನೆ ಮಾಡಬಹುದು, ಅಲ್ಲಿನ ಪರವಾನಗಿಯಿಲ್ಲದೆ ರೋಗಿಗಳಿಗೆ ಚಿಕಿತ್ಸೆ ಕೊಡುವಂತಿಲ್ಲ.

ಅರ್ಜಿಯ ಜೀವಾಳ ಸಂಶೋಧನಾ ಯೋಜನೆ ಎಂಬ ನಮೂನೆ. ಅಂಕ ಚೆನ್ನಾಗಿದ್ದವರು ಎಡವುವುದು ಇಲ್ಲೇ. "ಜಪಾನಿನ ತಂತ್ರಜ್ಞಾನ ಶ್ರೇಷ್ಠವಾದದ್ದು, ಅದನ್ನು ಕಲಿತು ದೇಶಸೇವೆ ಮಾಡುತ್ತೇನೆ" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿದವರೊಬ್ಬರು ಹೀಗೆ ಬರೆಯಬಹುದು: 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು, ರಸ್ತೆಗಾಗಿ ಕಡಿದ ಇಳಿಜಾರುಗಳಲ್ಲಿ ಎಷ್ಟು ಮಳೆಗೆ ಮಣ್ಣು ಜಾರುತ್ತದೆ ಎಂಬುದನ್ನು ಅಳೆಯಬೇಕು, ಜಪಾನಿನಲ್ಲೂ ಗುಡ್ಡ ಮತ್ತು ಭಾರಿ ಮಳೆ ಎರಡೂ ಇವೆ, ಈ ಕೆಲಸ ಅಲ್ಲಿನ ಇಂಥ ಪ್ರಯೋಗಾಲಯದಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ, ಮೊದಲ ಆರು ತಿಂಗಳು ಇದು, ಆಮೇಲೆ ಅದು. ಹೀಗೆ ಬರೆದರೆ ಏಕೆ ಜಪಾನ್, ಏಕೆ ಆ ಪ್ರಾಧ್ಯಾಪಕರು ಎಂಬ ಸಂದರ್ಶನದ ಪ್ರಶ್ನೆಗೂ ಉತ್ತರ ಸಿದ್ಧವಿರುತ್ತದೆ. ದುಡ್ಡು ಕೊಟ್ಟು ಬೇರೆಯವರಿಂದ ಬರೆಸಿದ ಯೋಜನೆ ಸಂದರ್ಶನದ ಎರಡನೆಯ ಪ್ರಶ್ನೆಗೇ ನಿಲ್ಲುತ್ತದೆ.

ಇಂಥ ಯೋಜನೆ ಹದಿನೈದು ದಿನದಲ್ಲಿ ಆಗುವುದಿಲ್ಲ. ಪ್ರಕಟಣೆ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜೂನ್ ನಡುವೆ ಬರುತ್ತದೆ, ಕಾಲಾವಕಾಶ ಕೆಲವೇ ವಾರ. ಆದ್ದರಿಂದ ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೇ ಪ್ರಾಧ್ಯಾಪಕರ ಲೇಖನಗಳನ್ನು ಓದಲು ಶುರುಮಾಡಬೇಕು. ದಾಖಲೆ ಪರಿಶೀಲನೆಯ ನಂತರ ಭಾಷಾ ಪರೀಕ್ಷೆ ಮತ್ತು ಸಂದರ್ಶನ ನಡೆಯುತ್ತವೆ. ಮೊದಲ ಹಂತ ದಾಟಿದವರು ತಾವೇ ವಿಶ್ವವಿದ್ಯಾಲಯಗಳಿಗೆ ಬರೆದು ತಾತ್ಕಾಲಿಕ ಒಪ್ಪಿಗೆ ಪತ್ರ ತರಿಸಬೇಕು. ಅದಕ್ಕೂ ಕೆಲವೇ ವಾರಗಳು. ಮೊದಲೇ ಪರಿಚಯ ಮಾಡಿಕೊಂಡಿದ್ದ ಪ್ರಾಧ್ಯಾಪಕರಿದ್ದರೆ ಆಗ ಬಹಳ ನೆರವಾಗುತ್ತದೆ. ಬೆಂಗಳೂರಿನಲ್ಲಿ ಜಪಾನಿನ ಕಾನ್ಸುಲೇಟ್ ಇದೆ. ಕರ್ನಾಟಕದವರು ಅರ್ಜಿಯನ್ನು ಎಲ್ಲಿಗೆ, ಹೇಗೆ ಕಳುಹಿಸಬೇಕೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡುವ ಇನ್ನೊಂದು ದಾರಿಯೂ ಇದೆ, ಆದರೆ ಒಂದೇ ವರ್ಷಕ್ಕೆ ಎರಡೂ ಕಡೆ ಅರ್ಜಿ ಹಾಕುವಂತಿಲ್ಲ.

ಒಂದು ಸಣ್ಣ ವಿಷಯ ದೊಡ್ಡ ತೊಂದರೆ ಕೊಡುತ್ತದೆ: ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪದವಿ ಪತ್ರದಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಕೊನೆಗೆ "ಜೈನ್". ಮೂರೂ ಒಬ್ಬರೇ ಎಂದು ವಿದೇಶದ ಕಚೇರಿಗೆ ಗೊತ್ತಾಗುವುದು ಹೇಗೆ? ಪಾಸ್‌ಪೋರ್ಟ್ ಮಾಡಿಸುವಾಗಲೇ ಅಂಕಪಟ್ಟಿಗೆ ಹೊಂದಿಸಿಕೊಂಡರೆ ಒಳ್ಳೆಯದು.

ಊಟದ ಚಿಂತೆ

ತಾಯಂದಿರು ಮೊದಲು ಕೇಳುವುದು ಇದನ್ನೇ. ಜಪಾನಿನ ಹೋಟೆಲುಗಳಲ್ಲಿ ತರಕಾರಿ ಸೂಪ್ ಎಂದದ್ದಕ್ಕೂ ಒಣಮೀನಿನ ಸಾರ ಹಾಕಿರುವುದು ಸಾಮಾನ್ಯ; ಅದರ ಹೆಸರು ದಾಶಿ. ಪೊಟ್ಟಣದ ಕರಿ ಮಸಾಲೆಯಲ್ಲಿ ಪ್ರಾಣಿಜನ್ಯ ಕೊಬ್ಬು ಇರಬಹುದು. ಬೌದ್ಧ ದೇವಾಲಯಗಳ ಶೋಜಿನ್ ಅಡುಗೆಯಲ್ಲಿ ಮೀನು, ಮಾಂಸ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ, ಆದರೆ ಗೆಡ್ಡೆಗಳು ಇರುತ್ತವೆ. ದಿನನಿತ್ಯಕ್ಕೆ ಅಡುಗೆಮನೆ ಇರುವ ಹಾಸ್ಟೆಲ್ ಹುಡುಕಿ, ಅನ್ನ, ಸಾರು, ಪಲ್ಯ ಮಾಡಲು ಇಲ್ಲೇ ಕಲಿತು ಹೋಗುವುದೇ ದಾರಿ. ಕೋಬೆ ನಗರದ ಕಿತಾನೊ ಪ್ರದೇಶದಲ್ಲಿ 1985ರಲ್ಲಿ ಆರಂಭವಾದ ಮಹಾವೀರ ಸ್ವಾಮಿಯ ಅಮೃತಶಿಲೆಯ ಜಿನಮಂದಿರವಿದೆ. ಮುತ್ತಿನ ವ್ಯಾಪಾರಕ್ಕೆಂದು ಹೋದ ಜೈನ ಕುಟುಂಬಗಳು ಅಲ್ಲಿ ನೆಲೆಸಿವೆ. ಒಸಾಕಾ, ಕ್ಯೋಟೊ ಕಡೆಯ ವಿಶ್ವವಿದ್ಯಾಲಯಗಳಿಗೆ ಸೇರುವವರಿಗೆ ಅದು ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ.